ಸರ್ ಜ್ಞಾನಚಂದ್ರ ಘೋಷ್: ಬೆಂಗಳೂರಿನಲ್ಲಿ ಇಂಧನದ ದಾರಿ ಹುಡುಕಿದ ವಿಜ್ಞಾನಿ

ಹಲವು ಭಾಷೆಗಳ ಈ ವಾರ್ಷಿಕ ಸಂಚಿಕೆಗೆ ಯಾರ ಜೀವನವನ್ನು ಬರೆಯೋಣ ಎಂದು ಯೋಚಿಸಿದಾಗ ನಮಗೆ ನೆನಪಾದವರು ಸರ್ ಜ್ಞಾನಚಂದ್ರ ಘೋಷ್. ಅವರ ಮಾತೃಭಾಷೆ ಬಂಗಾಳಿ. ಆದರೆ ಅವರ ಬಾಳಿನ ಸುಮಾರು ಒಂಬತ್ತು ವರ್ಷಗಳ ದುಡಿಮೆ ನಡೆದದ್ದು ನಮ್ಮ ಬೆಂಗಳೂರಿನಲ್ಲಿ. ಇಲ್ಲಿ ಅರೋರಾದಲ್ಲಿ ಶುದ್ಧ ಇಂಧನದ ಬಗ್ಗೆ ಶಾಲೆಯಲ್ಲಿ ಓದುತ್ತಿರುವ ಮಕ್ಕಳಿಗೆ ಅವರ ಕಥೆ ತಿಳಿದಿರಬೇಕು ಎಂಬುದು ನಮ್ಮ ಆಸೆ.

ಘೋಷ್ ಅವರು 1894ರಲ್ಲಿ ಪುರುಲಿಯಾದಲ್ಲಿ ಜನಿಸಿದರು. ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಆಚಾರ್ಯ ಪ್ರಫುಲ್ಲಚಂದ್ರ ರಾಯ್ ಅವರಿಗೆ ರಸಾಯನಶಾಸ್ತ್ರದ ಗುರುಗಳು. ಸತ್ಯೇಂದ್ರನಾಥ ಬೋಸ್ ಮತ್ತು ಮೇಘನಾದ ಸಾಹಾ ಅದೇ ಕಾಲದ ಸಹಪಾಠಿಗಳು. ಮುಂದೆ ಮೂವರೂ ದೇಶಕ್ಕೆ ಕೀರ್ತಿ ತಂದರು.

ಉಪ್ಪನ್ನು ನೀರಿಗೆ ಹಾಕಿದರೆ ಆ ನೀರಿನಲ್ಲಿ ವಿದ್ಯುತ್ ಸುಲಭವಾಗಿ ಹರಿಯುತ್ತದೆ. ಉಪ್ಪು ಒಡೆದು ವಿದ್ಯುತ್ ಕಣಗಳಾಗುವುದೇ ಇದಕ್ಕೆ ಕಾರಣ. ಆದರೆ ಈ ಕಣಗಳ ಲೆಕ್ಕ ಆಗಿನ ಸೂತ್ರಗಳಿಗೆ ಸಿಗುತ್ತಿರಲಿಲ್ಲ. 1918ರಲ್ಲಿ, ಇನ್ನೂ ಇಪ್ಪತ್ತರ ಪ್ರಾಯದಲ್ಲಿದ್ದ ಘೋಷ್ ಇದಕ್ಕೊಂದು ಹೊಸ ಸಿದ್ಧಾಂತ ಮಂಡಿಸಿದರು. ಅದು ಯುರೋಪಿನ ವಿಜ್ಞಾನಿಗಳ ಗಮನ ಸೆಳೆಯಿತು. ಅವರು ಲಂಡನ್ನಿಗೂ ಹೋಗಿ ಸಂಶೋಧನೆ ನಡೆಸಿ ಬಂದರು. ಆದರೆ 1923ರಲ್ಲಿ ಡಿಬೈ ಮತ್ತು ಹ್ಯೂಕೆಲ್ ಇದಕ್ಕಿಂತ ಸರಿಯಾದ ಸಿದ್ಧಾಂತವನ್ನು ಕೊಟ್ಟರು. ಇಂದು ಪಠ್ಯಪುಸ್ತಕಗಳಲ್ಲಿ ಇರುವುದು ಅವರ ಹೆಸರೇ.

ಚಿಕ್ಕ ವಯಸ್ಸಿನಲ್ಲಿ ಸಿಕ್ಕ ಕೀರ್ತಿ ಹೀಗೆ ಐದೇ ವರ್ಷಗಳಲ್ಲಿ ಹಿಂದೆ ಸರಿಯಿತು. ಘೋಷ್ ಅಲ್ಲಿಗೇ ನಿಲ್ಲಲಿಲ್ಲ. ಢಾಕಾ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ ವಿಭಾಗವನ್ನು ಕಟ್ಟಿ ಬೆಳೆಸಿದರು, ಹೊಸ ಹೊಸ ವಿಷಯಗಳಿಗೆ ಕೈಹಾಕಿದರು. ಅವುಗಳಲ್ಲಿ ಮುಖ್ಯವಾದದ್ದು ಕ್ರಿಯಾವರ್ಧಕ, ಅಂದರೆ ಕ್ಯಾಟಲಿಸ್ಟ್.

ಮಕ್ಕಳೇ, ಕ್ರಿಯಾವರ್ಧಕ ಎಂದರೇನು? ಮದುವೆ ಕುದುರಿಸುವವರನ್ನು ನೆನೆಸಿಕೊಳ್ಳಿ. ಎರಡು ಮನೆಯವರನ್ನು ಒಂದುಗೂಡಿಸುತ್ತಾರೆ, ಆದರೆ ತಾವು ಹಸೆಮಣೆ ಏರುವುದಿಲ್ಲ. ಒಂದು ಮದುವೆ ಮುಗಿದ ಮೇಲೆ ಇನ್ನೊಂದಕ್ಕೆ ಹೊರಡುತ್ತಾರೆ. ಕ್ರಿಯಾವರ್ಧಕವೂ ಹಾಗೆಯೇ. ರಾಸಾಯನಿಕ ಕ್ರಿಯೆಯನ್ನು ಬೇಗ ನಡೆಸುತ್ತದೆ, ತಾನು ಖರ್ಚಾಗುವುದಿಲ್ಲ.

1939ರಲ್ಲಿ ಘೋಷ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾದರು. ನಮ್ಮ ಹಿರಿಯರ ಬಾಯಲ್ಲಿ ಅದು ಟಾಟಾ ಇನ್‌ಸ್ಟಿಟ್ಯೂಟ್. ಅದೇ ವರ್ಷ ಎರಡನೇ ಮಹಾಯುದ್ಧ ಆರಂಭವಾಯಿತು. ಪೆಟ್ರೋಲಿಗೆ ರೇಷನ್ ಬಂತು. ಬೆನ್ನಿಗೆ ದೊಡ್ಡ ಡ್ರಮ್ಮು ಕಟ್ಟಿಕೊಂಡು, ಅದರಲ್ಲಿ ಇದ್ದಿಲು ಉರಿಸಿ ಓಡುತ್ತಿದ್ದ ಬಸ್ಸುಗಳ ಕಥೆಯನ್ನು ಅಜ್ಜ ಅಜ್ಜಿಯರಿಂದ ಕೇಳಿದ ಪೋಷಕರು ನಮ್ಮಲ್ಲಿ ಹಲವರಿರಬಹುದು. ಆ ಇದ್ದಿಲಿನ ಅನಿಲದಲ್ಲಿ ಇಂಗಾಲದ ಮಾನಾಕ್ಸೈಡ್ ಮತ್ತು ಜಲಜನಕ ಇರುತ್ತವೆ. ತಕ್ಕ ಕ್ರಿಯಾವರ್ಧಕ ಇದ್ದರೆ ಇವೆರಡರಿಂದ ಪೆಟ್ರೋಲನ್ನೇ ತಯಾರಿಸಬಹುದು ಎಂದು ಜರ್ಮನಿಯ ಫಿಷರ್ ಮತ್ತು ಟ್ರೋಪ್ಷ್ 1920ರ ದಶಕದಲ್ಲೇ ತೋರಿಸಿದ್ದರು.

ಘೋಷ್ ಮತ್ತು ಅವರ ಸಂಗಡಿಗರು ಬೆಂಗಳೂರಿನಲ್ಲಿ ಹಿಡಿದದ್ದು ಇದೇ ಕೆಲಸವನ್ನು. ದೇಶದಲ್ಲಿ ಕಲ್ಲಿದ್ದಲು ಇತ್ತು, ತೈಲ ಕಡಿಮೆ ಇತ್ತು. ಅವರು ಅಧ್ಯಯನ ಮಾಡಿದ ಒಂದು ಕ್ರಿಯಾವರ್ಧಕದಲ್ಲಿ ಕೋಬಾಲ್ಟ್ ಲೋಹ, ಸ್ವಲ್ಪ ಥೋರಿಯಂ ಆಕ್ಸೈಡ್, ಮತ್ತು ಕೀಸೆಲ್‌ಗೂರ್ ಎಂಬ ಸಣ್ಣ ಸಣ್ಣ ರಂಧ್ರಗಳ ಮಣ್ಣು ಇದ್ದವು. ಮಣ್ಣು ಏಕೆ? ಇಡ್ಲಿ ಸಾಂಬಾರನ್ನು ಹೀರುವಷ್ಟು ಚಪಾತಿ ಹೀರುವುದಿಲ್ಲ, ಅಲ್ಲವೇ? ರಂಧ್ರಗಳಿದ್ದರೆ ಒಳಗಿನ ಮೇಲ್ಮೈ ಹೆಚ್ಚು. ಅಲ್ಲಿ ಲೋಹವನ್ನು ತೆಳ್ಳಗೆ ಹರಡಿದರೆ ಕಡಿಮೆ ಲೋಹ ಹೆಚ್ಚು ಕೆಲಸ ಮಾಡುತ್ತದೆ.

ಇದರ ಜೊತೆಗೇ ಅವರು ಸಂಸ್ಥೆಯನ್ನೂ ಬೆಳೆಸಿದರು. ವಿಮಾನ ತಂತ್ರಜ್ಞಾನ ವಿಭಾಗ 1942ರಲ್ಲಿ ಅವರ ಕಾಲದಲ್ಲೇ ಆರಂಭವಾಯಿತು. 1943ರಲ್ಲಿ ಅವರಿಗೆ ಸರ್ ಪದವಿ ದೊರೆಯಿತು. ಸ್ವಾತಂತ್ರ್ಯಾನಂತರ ಅವರು ಖರಗ್‌ಪುರದಲ್ಲಿ ದೇಶದ ಮೊದಲ ಐಐಟಿಯ ಮೊದಲ ನಿರ್ದೇಶಕರಾದರು. ಬ್ರಿಟಿಷರು ಸ್ವಾತಂತ್ರ್ಯ ಹೋರಾಟಗಾರರನ್ನು ಕೂಡಿಟ್ಟಿದ್ದ ಹಿಜಲಿ ಬಂದೀಖಾನೆಯ ಕಟ್ಟಡದಲ್ಲಿ ಆ ವಿದ್ಯಾಸಂಸ್ಥೆ ಶುರುವಾಯಿತು. 1954ರಲ್ಲಿ ಪದ್ಮಭೂಷಣ ಬಂತು. ನಂತರ ಯೋಜನಾ ಆಯೋಗದ ಸದಸ್ಯರಾಗಿದ್ದು, 1959ರ ಜನವರಿ 21ರಂದು ನಿಧನರಾದರು.

ಕಲ್ಲಿದ್ದಲಿನಿಂದ ಪೆಟ್ರೋಲ್ ಮಾಡುವ ದೊಡ್ಡ ಕಾರ್ಖಾನೆ ಭಾರತದಲ್ಲಿ ಅವರ ಕಾಲದಲ್ಲಿ ಬರಲಿಲ್ಲ. ಕಲ್ಲಿದ್ದಲು ಹವಾಮಾನಕ್ಕೆ ಒಳ್ಳೆಯದಲ್ಲ ಎಂದು ಈಗ ನಮಗೆ ತಿಳಿದಿದೆ. ಹಾಗಾದರೆ ಆ ಶ್ರಮ ವ್ಯರ್ಥವಾಯಿತೇ? ಇಲ್ಲ. ಬೆಂಗಳೂರಿನಲ್ಲಿ ಅವರೊಡನೆ ದುಡಿದ ಎಂ. ವಿ. ಸಿ. ಶಾಸ್ತ್ರಿ ಅವರು ಮುಂದೆ ಮದ್ರಾಸ್ ಐಐಟಿಯಲ್ಲಿ ಜಲಜನಕ ಇಂಧನದ ಸಂಶೋಧನೆಗೆ ದಾರಿ ಹಾಕಿದರು.

ನೀರನ್ನು ವಿದ್ಯುತ್ತಿನಿಂದ ಒಡೆದರೆ ಜಲಜನಕ ಸಿಗುತ್ತದೆ. ಅದನ್ನು ಇಂಧನ ಕೋಶದಲ್ಲಿ ಬಳಸಿದರೆ ವಿದ್ಯುತ್ ಬರುತ್ತದೆ, ಹೊರಬೀಳುವುದು ನೀರು ಮಾತ್ರ. ಆದರೆ ಈ ಕೆಲಸಗಳಿಗೆ ಹೆಚ್ಚಾಗಿ ಬಳಸುವ ಪ್ಲಾಟಿನಂ, ಇರಿಡಿಯಂ ಬಲು ದುಬಾರಿ. ಅದಕ್ಕೆ ವಿಜ್ಞಾನಿಗಳು ಲೋಹ ಮತ್ತು ಸಾವಯವ ಅಣುಗಳನ್ನು ಜೋಡಿಸಿ ಕಟ್ಟಿದ ರಂಧ್ರಮಯ ಚೌಕಟ್ಟುಗಳತ್ತ ನೋಡುತ್ತಿದ್ದಾರೆ. ಇವನ್ನು ರೂಪಿಸಿದ ಕಿಟಗಾವಾ, ರಾಬ್ಸನ್ ಮತ್ತು ಯಾಘಿ ಅವರಿಗೆ 2025ರ ನೊಬೆಲ್ ಪ್ರಶಸ್ತಿ ಬಂತು. ಅಗ್ಗದ ಕಬ್ಬಿಣ, ಕೋಬಾಲ್ಟ್, ನಿಕ್ಕಲ್‌ಗಳಿಂದ ಇಂಥ ಚೌಕಟ್ಟು ಕಟ್ಟಿ, ಹಲವು ವೇಳೆ ಅದನ್ನು ಕಾಯಿಸಿ, ವಿದ್ಯುತ್ ಕ್ರಿಯಾವರ್ಧಕ ಮಾಡುತ್ತಾರೆ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಕೇಂದ್ರದಲ್ಲೂ ಈ ಸಂಶೋಧನೆ ನಡೆಯುತ್ತಿದೆ. ಅವು ಪ್ಲಾಟಿನಂನಷ್ಟು ಕಾಲ ಬಾಳಿಕೆ ಬರುವಂತೆ ಮಾಡುವುದೇ ಈಗಿರುವ ಕಷ್ಟ.

ವಿದ್ಯುತ್ ಕಣಗಳು ಘೋಷ್ ಅವರ ಮೊದಲ ಪ್ರೀತಿ, ಕ್ರಿಯಾವರ್ಧಕ ಎರಡನೆಯದು. ಇಂದಿನ ಈ ಸಂಶೋಧನೆಯಲ್ಲಿ ಎರಡೂ ಒಂದಾಗಿವೆ. ಮಕ್ಕಳೇ, ನಿಮ್ಮ ಒಂದು ಉತ್ತರವನ್ನು ಬೇರೊಬ್ಬರು ತಿದ್ದಿದರೆ ಬೇಸರ ಬೇಡ. ಮುಂದಿನ ಪ್ರಶ್ನೆಗೆ ಕೈಹಾಕಿ. ಘೋಷ್ ಅವರ ಬಾಳಿನಿಂದ ನಾವು ಕಲಿತದ್ದು ಇದನ್ನೇ.