ಪ್ರತಿಭೆಯ ಸಸಿಮಡಿ ಮಾಡಿದ ರೈತನ ಮಗ

ಎಳೆಯ ಆಟಗಾರರನ್ನು ಹುಡುಕಿ, ಬೆಳೆಸಿ, ಬೆಲೆ ಕಟ್ಟುವ ವ್ಯವಸ್ಥೆಯ ಬಗ್ಗೆ ಯೋಚಿಸಿದಾಗಲೆಲ್ಲ ನನಗೆ ನೆನಪಾಗುವುದು ಅಮೆರಿಕದ ಬ್ರಾಂಚ್ ರಿಕಿ. ಬೇಸ್‌ಬಾಲ್‌ನಲ್ಲಿ ಕಪ್ಪು ಜನರಿಗೆ ಬಾಗಿಲು ತೆರೆದ ಮಹನೀಯರೆಂದು ಜಗತ್ತು ಅವರನ್ನು ಕೊಂಡಾಡುತ್ತದೆ. ಅದು ನಿಜ. ಆದರೆ ಪೂರ್ಣ ನಿಜವಲ್ಲ.

1881ರಲ್ಲಿ ಒಹಾಯೊದ ಕೃಷಿಕ ಕುಟುಂಬದಲ್ಲಿ ಹುಟ್ಟಿದ ರಿಕಿ, ಧರ್ಮನಿಷ್ಠೆಯಿಂದ ಭಾನುವಾರ ಆಡುತ್ತಿರಲಿಲ್ಲ. ಆಟಗಾರರಾಗಿ ಅವರದು ಸಾಧಾರಣ ಸಾಧನೆ. ಕ್ರಿಕೆಟ್‌ನ ವಿಕೆಟ್ ಕೀಪರನನ್ನು ಹೋಲುವ ಕ್ಯಾಚರ್ ಸ್ಥಾನದಲ್ಲಿದ್ದಾಗ, 1907ರ ಒಂದೇ ಪಂದ್ಯದಲ್ಲಿ ಎದುರಾಳಿಗಳು ಅವರ ಕಣ್ಣೆದುರೇ 13 ಬಾರಿ ಬೇಸ್ ಕದ್ದರು. ಅವರ ನಿಜವಾದ ಶಕ್ತಿ ಇದ್ದದ್ದು ಇತರರ ಪ್ರತಿಭೆಯನ್ನು ಗುರುತಿಸುವ ಕಣ್ಣಿನಲ್ಲಿ.

ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡದ ಹೊಣೆ ಹೊತ್ತಾಗ ಅದರ ಬೊಕ್ಕಸ ಬರಿದಾಗಿತ್ತು. ಒಳ್ಳೆಯ ಹುಡುಗರನ್ನೆಲ್ಲ ಶ್ರೀಮಂತ ತಂಡಗಳು ಹೆಚ್ಚು ಹಣ ತೆತ್ತು ಕೊಂಡೊಯ್ಯುತ್ತಿದ್ದವು. ಕೊಳ್ಳಲಾಗದವರು ಬೆಳೆದುಕೊಳ್ಳಬೇಕೆಂಬ ರೈತನ ವಿವೇಕ ರಿಕಿಯವರಿಗೆ ಹೊಳೆಯಿತು. ಹ್ಯೂಸ್ಟನ್, ಸಿರಾಕ್ಯೂಸ್ ಮುಂತಾದ ಊರುಗಳ ಕಿರಿಯ ತಂಡಗಳಲ್ಲಿ ಪಾಲು ಪಡೆದರು. ನೂರಾರು ಹುಡುಗರನ್ನು ಶಿಬಿರಗಳಿಗೆ ಕರೆದು ಪರೀಕ್ಷಿಸಿದರು. ಇದೇ ‘ಫಾರ್ಮ್ ಪದ್ಧತಿ’ ಎನಿಸಿತು. 1926, 1931 ಮತ್ತು 1934ರಲ್ಲಿ ಬಡ ಕಾರ್ಡಿನಲ್ಸ್ ವರ್ಲ್ಡ್ ಸೀರೀಸ್ ಗೆದ್ದಿತು. 1940ರ ಹೊತ್ತಿಗೆ ಅದರ ಜಾಲದಲ್ಲಿ 30ಕ್ಕೂ ಹೆಚ್ಚು ತಂಡಗಳು, 600ಕ್ಕೂ ಹೆಚ್ಚು ಆಟಗಾರರಿದ್ದರು.

ಸಸಿಮಡಿಯ ಎಲ್ಲ ಸಸಿಗಳೂ ಗದ್ದೆ ಸೇರುವುದಿಲ್ಲ. ತಂಡ ಬಿಟ್ಟುಕೊಡದ ಹೊರತು ಬೇರೆಡೆ ಆಡುವಂತಿಲ್ಲ ಎಂಬ ಕರಾರಿಗೆ ಕಟ್ಟುಬಿದ್ದು, ಅಲ್ಪ ಸಂಬಳದಲ್ಲಿ ಯೌವನ ಸವೆಸಿದವರೆಷ್ಟೋ ಮಂದಿ. ಆಟಗಾರರನ್ನು ಮಾರಿ ಬಂದ ಹಣದಲ್ಲಿ ರಿಕಿಯವರಿಗೂ ಪಾಲು ಸಲ್ಲುತ್ತಿತ್ತು. 1938ರಲ್ಲಿ ಬೇಸ್‌ಬಾಲ್ ಆಯುಕ್ತ ಲ್ಯಾಂಡಿಸ್ 70ಕ್ಕೂ ಹೆಚ್ಚು ಕಾರ್ಡಿನಲ್ಸ್ ಹುಡುಗರನ್ನು ಈ ಬಂಧನದಿಂದ ಬಿಡುಗಡೆ ಮಾಡಬೇಕಾಯಿತು.

ಬ್ರೂಕ್ಲಿನ್ ಡಾಜರ್ಸ್‌ಗೆ ಬಂದ ಮೇಲೆ ಅವರು 1945ರಲ್ಲಿ ಜಾಕಿ ರಾಬಿನ್ಸನ್‌ರನ್ನು ಆರಿಸಿ, ಒಂದು ವರ್ಷ ಮಾಂಟ್ರಿಯಲ್‌ನಲ್ಲಿ ಪಳಗಿಸಿ, 1947ರ ಏಪ್ರಿಲ್ 15ರಂದು ಕಣಕ್ಕಿಳಿಸಿದರು. ವರ್ಣಭೇದದ ಗೋಡೆ ಬಿರುಕು ಬಿಟ್ಟಿತು. ಈ ಧೈರ್ಯಕ್ಕೆ ನಾನು ತಲೆಬಾಗುತ್ತೇನೆ. ಆದರೆ ರಾಬಿನ್ಸನ್ ಅದುವರೆಗೆ ಆಡುತ್ತಿದ್ದ ಕಪ್ಪು ಆಟಗಾರರ ತಂಡ ಕಾನ್ಸಾಸ್ ಸಿಟಿ ಮೊನಾರ್ಕ್ಸ್‌ಗೆ ರಿಕಿ ಬಿಡಿಗಾಸನ್ನೂ ಕೊಡಲಿಲ್ಲ ಎಂಬುದನ್ನು ಮರೆಯಲಾರೆ.

ಹೊಸಬರನ್ನು ತಂಡಗಳಿಗೆ ಸರದಿಯಂತೆ ಹಂಚುವ ಡ್ರಾಫ್ಟ್ ಆರಂಭವಾದದ್ದು 1965ರ ಜೂನ್‌ನಲ್ಲಿ. ಅದೇ ಡಿಸೆಂಬರ್ 9ರಂದು ರಿಕಿ ತೀರಿಕೊಂಡರು. ಫಾರ್ಮ್ ತಂಡಗಳ ಹುಡುಗರು ಸಂಘಟಿತರಾಗಿ ಮೊದಲ ಸಾಮೂಹಿಕ ಒಪ್ಪಂದ ಪಡೆದದ್ದು ಮಾತ್ರ 2023ರಲ್ಲಿ.

ರಿಕಿಯವರನ್ನು ಸಂತರೆನ್ನಲು ನಾನು ಹಿಂಜರಿಯುತ್ತೇನೆ, ಬರೀ ವ್ಯಾಪಾರಿ ಎನ್ನಲೂ ಮನಸ್ಸು ಒಪ್ಪದು. ಪ್ರತಿಭೆಯನ್ನು ಗುರುತಿಸುವುದು ಒಂದು ದೊಡ್ಡ ಗುಣ. ಅದಕ್ಕೆ ನ್ಯಾಯವಾದ ಬೆಲೆ ಕೊಡುವುದು ಬೇರೆಯೇ ಗುಣ. ಮೊದಲನೆಯದಕ್ಕೆ ರಿಕಿ ಅವರಂಥವರು ಸಾಕು, ಎರಡನೆಯದಕ್ಕೆ ಆಟಗಾರರೇ ಒಗ್ಗೂಡಬೇಕಾಯಿತು.