ಶ್ರೀ ರಾಮಾನುಜರೂ ಬೀಸಣಿಗೆ ಸೇವೆಯ ಕಾಂಚೀಪೂರ್ಣರೂ

ಮೇಲುಕೋಟೆಗೆ ಬರುವ ಭಕ್ತಾದಿಗಳು ಬೆಟ್ಟ ಹತ್ತಿ ಯೋಗಾನರಸಿಂಹಸ್ವಾಮಿಯ ದರ್ಶನ ಮಾಡಿ, ಕೆಳಗಿಳಿದು ಚೆಲುವನಾರಾಯಣನಿಗೆ ಕೈಮುಗಿದು ಹೋಗ್ತಾರೆ. ಈ ಕ್ಷೇತ್ರವನ್ನು ಬೆಳಗಿದ ಶ್ರೀ ರಾಮಾನುಜಾಚಾರ್ಯರಿಗೆ ಎಳೆವಯಸ್ಸಿನಲ್ಲಿ ಆಸರೆಯಾದವರು ಯಾರು ಅನ್ನೋದು ಅನೇಕರಿಗೆ ತಿಳಿದಿರುವುದಿಲ್ಲ.

ಸಂಪ್ರದಾಯದ ಪ್ರಕಾರ ರಾಮಾನುಜರು ಕ್ರಿ.ಶ. 1017ರಲ್ಲಿ ಶ್ರೀಪೆರುಂಬುದೂರಿನಲ್ಲಿ ಅವತರಿಸಿದರು. ತಂದೆ ಆಸೂರಿ ಕೇಶವ ಸೋಮಯಾಜಿ, ತಾಯಿ ಕಾಂತಿಮತಿ. 16ನೇ ವಯಸ್ಸಿಗೆ ಮದುವೆಯಾಯಿತು. ಸ್ವಲ್ಪ ದಿನಕ್ಕೇ ತಂದೆ ತೀರಿಕೊಂಡರು. ತಂದೆಯಿಲ್ಲದ ಹುಡುಗ ಸಂಸಾರ ಸಮೇತ ಕಂಚಿಗೆ ಬಂದು ಯಾದವಪ್ರಕಾಶರಲ್ಲಿ ವೇದಾಂತ ಓದಲು ಸೇರಿದರು. ಶಿಷ್ಯನ ಬುದ್ಧಿ ಗುರುವಿಗೇ ಸಹಿಸಲಿಲ್ಲ. ಕಾಶಿಯಾತ್ರೆಯ ನೆಪದಲ್ಲಿ ಕೊಲ್ಲುವ ಸಂಚು ನಡೆಯಿತು. ಚಿಕ್ಕಮ್ಮನ ಮಗ ಗೋವಿಂದ ಎಚ್ಚರಿಸಿದ್ದರಿಂದ ಜೀವ ಉಳಿಯಿತು. ಕಾಡಿನಲ್ಲಿ ಒಂಟಿಯಾದವರನ್ನು ಬೇಡದಂಪತಿಗಳ ರೂಪದಲ್ಲಿ ಬಂದ ವರದರಾಜಸ್ವಾಮಿಯೂ ತಾಯಾರೂ ಕಂಚಿ ಮುಟ್ಟಿಸಿದರಂತೆ.

ಇನ್ನು ಯಾರ ಹತ್ತಿರ ಹೋಗುವುದು? ಕಾಂಚೀಪೂರ್ಣರ ಬಳಿ ಹೋಗು ಅಂತ ತಾಯಿ ಹೇಳಿದರು. ಪೂವಿರುಂದವಲ್ಲಿಯ ಈ ಹಿರಿಯರು ಬ್ರಾಹ್ಮಣ ಕುಲದವರಲ್ಲ. ವರದರಾಜನಿಗೆ ಬೀಸಣಿಗೆ ಬೀಸುವುದೇ ಅವರ ಸೇವೆ. ದೇವರು ಅವರೊಡನೆ ಮಾತಾಡುತ್ತಿದ್ದ ಎಂದು ಪ್ರತೀತಿ. ಅವರ ಮಾತಿನಂತೆ ರಾಮಾನುಜರು ದಿನಾ ಬಾವಿಯಿಂದ ಸ್ವಾಮಿಯ ಸೇವೆಗೆ ನೀರು ಹೊತ್ತು ತಂದರು. ಒಬ್ಬರದು ನೀರು, ಇನ್ನೊಬ್ಬರದು ಗಾಳಿ. ಹೀಗೇ ಸ್ನೇಹ ಬೆಳೆಯಿತು.

ನೀವೇ ನನ್ನ ಗುರುಗಳಾಗಬೇಕು ಅಂತ ರಾಮಾನುಜರು ಕಾಲಿಗೆ ಬಿದ್ದರು. ಕುಲದ ಕಟ್ಟು ಹೇಳಿ ಕಾಂಚೀಪೂರ್ಣರು ಒಪ್ಪಲಿಲ್ಲ. ಅವರುಂಡ ಶೇಷವನ್ನಾದರೂ ಪ್ರಸಾದವಾಗಿ ಸ್ವೀಕರಿಸೋಣವೆಂದು ರಾಮಾನುಜರು ಮನೆಗೆ ಊಟಕ್ಕೆ ಕರೆದರು. ಕರೆತರಲು ತಾವೇ ಹೊರಟರು. ಅಷ್ಟರಲ್ಲಿ ಕಾಂಚೀಪೂರ್ಣರು ಬೇರೆ ದಾರಿಯಲ್ಲಿ ಬಂದು, ಊಟ ಮುಗಿಸಿ, ಸೇವೆಗೆ ಹೊತ್ತಾಯಿತೆಂದು ಹೊರಟೇಬಿಟ್ಟರು. ಪತ್ನಿ ತಂಜಮ್ಮ ಉಳಿದ ಅನ್ನ ಚೆಲ್ಲಿ, ನೆಲ ಸಾರಿಸಿ, ಸ್ನಾನ ಮಾಡಿ ಮತ್ತೆ ಅಡಿಗೆಗೆ ಇಟ್ಟರು. ಆಕೆ ಬೆಳೆದ ಆಚಾರ ಅಂಥದ್ದು. ಮನೆಗೆ ಬಂದ ರಾಮಾನುಜರಿಗೆ ಸಾರಿಸಿದ ನೆಲ ಕಂಡಿತು, ಶೇಷ ಸಿಗಲಿಲ್ಲ. ಬಹಳ ನೊಂದುಕೊಂಡರು.

ಆದರೂ ಸ್ನೇಹ ಕೆಡಲಿಲ್ಲ. ರಾಮಾನುಜರ ಸಂದೇಹಗಳಿಗೆ ವರದರಾಜನ ಆರು ಉತ್ತರಗಳನ್ನು ತಂದುಕೊಟ್ಟವರು ಕಾಂಚೀಪೂರ್ಣರೇ. ಮಹಾಪೂರ್ಣರನ್ನು ಗುರುವಾಗಿ ಆಶ್ರಯಿಸು ಎಂಬುದೂ ಅದರಲ್ಲಿ ಒಂದು.

ಮುಂದೆ ಮೇಲುಕೋಟೆಗೆ ಬಂದ ಆಚಾರ್ಯರು, ಅಸ್ಪೃಶ್ಯರೆಂದು ದೂರವಿಟ್ಟಿದ್ದ ಜನರನ್ನು ತಿರುಕುಲದವರು ಅಂತ ಕರೆದು, ವರ್ಷಕ್ಕೆ ಮೂರು ದಿನ ದೇವಸ್ಥಾನದೊಳಗೆ ಬರುವ ಹಕ್ಕು ಕೊಟ್ಟರೆಂದು ಇಲ್ಲಿನ ಸಂಪ್ರದಾಯ ಹೇಳುತ್ತದೆ. ಇಂದು ಕಾನೂನಿನಂತೆ ಎಲ್ಲರಿಗೂ ಎಲ್ಲ ದಿನವೂ ಪ್ರವೇಶ ಉಂಟು. ಭಕ್ತಾದಿಗಳೇ, ಸಾಲಿನಲ್ಲಿ ನಿಂತಾಗ ಪಕ್ಕದವರ ಕುಲ ಕೇಳಬೇಡಿ. ಅವರೂ ಒಬ್ಬ ಕಾಂಚೀಪೂರ್ಣರಿರಬಹುದು.