ಕುಡಿತದ ದಂಡಿನಲ್ಲಿ ಬಾಗಿಲು ತಟ್ಟಿದ ಹೆಬಿಕ್

ಕಲಘಟಗಿ ಸೀಮೆಯ ಹಳೆಯ ಮನೆಗಳ ಮೇಲೆ ಇಂದಿಗೂ ಮಂಗಳೂರು ಹೆಂಚು ಕಾಣಸಿಗುತ್ತದೆ. ಮಳೆಗಾಲದಲ್ಲಿ ಮನೆಯನ್ನು ಕಾಯುವ ಈ ಹೆಂಚಿನ ಹುಟ್ಟಿಗೂ ಹೆಂಡದ ಕಸುಬು ತೊರೆದವರ ಬದುಕಿಗೂ ಇರುವ ನಂಟು ಹಲವರಿಗೆ ತಿಳಿದಿಲ್ಲ. ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದ್ದು ಬಾಸೆಲ್ ಮಿಶನ್. ಆ ಸಂಸ್ಥೆಯಿಂದ ಕನ್ನಡ ನಾಡಿಗೆ ಮೊದಲು ಬಂದ ಮೂವರಲ್ಲಿ ಸ್ಯಾಮುವೆಲ್ ಹೆಬಿಕ್ ಒಬ್ಬರು. ಕುಡಿತ, ಜೂಜುಗಳಲ್ಲಿ ಮುಳುಗಿದ್ದ ಸೈನಿಕರನ್ನು ದಡ ಸೇರಿಸಿದವರೆಂದು ಅವರ ಹೆಸರು ಉಳಿದಿದೆ.

ಹೆಬಿಕ್ ಜನಿಸಿದ್ದು 1803ರ ಏಪ್ರಿಲ್ 29ರಂದು, ಜರ್ಮನಿಯ ಉಲ್ಮ್ ನಗರದ ಬಳಿಯ ನೆಲಿಂಗೆನ್ ಎಂಬ ಹಳ್ಳಿಯಲ್ಲಿ. ತಂದೆ ಪಾದ್ರಿಯಾಗಿದ್ದರೂ ಮಗ ಹಿಡಿದದ್ದು ವ್ಯಾಪಾರದ ದಾರಿ. ಲ್ಯೂಬೆಕ್ ಬಂದರು ನಗರದಲ್ಲಿ ಗುಮಾಸ್ತರಾಗಿದ್ದಾಗ, 1821ರಲ್ಲಿ, ತೀವ್ರ ಅಂತರಂಗದ ತೊಳಲಾಟದ ನಂತರ ಕ್ರಿಸ್ತನಲ್ಲಿ ನೆಮ್ಮದಿ ಕಂಡುಕೊಂಡರು. ಮುಂದೆ ವ್ಯಾಪಾರಕ್ಕಾಗಿ ಉತ್ತರ ಯುರೋಪಿನಲ್ಲಿ ಅಲೆದಾಡಿದರೂ ಮನಸ್ಸು ಲೆಕ್ಕದ ಪುಸ್ತಕದಲ್ಲಿ ನಿಲ್ಲಲಿಲ್ಲ. 1831ರಲ್ಲಿ ಬಾಸೆಲ್ ಮಿಶನ್ನಿನ ಶಾಲೆಯನ್ನು ಸೇರಿದರು.

ಬ್ರಿಟಿಷರಲ್ಲದ ಮಿಶನರಿಗಳಿಗೆ ಭಾರತದ ಬಾಗಿಲು ತೆರೆದದ್ದು 1833ರ ಸನ್ನದು ಶಾಸನ. ಮರುವರ್ಷ ಅಕ್ಟೋಬರ್‌ನಲ್ಲಿ ಹೆಬಿಕ್, ಲೆಹ್ನರ್ ಮತ್ತು ಗ್ರೈನರ್ ಕಲ್ಲಿಕೋಟೆಯಲ್ಲಿ ಇಳಿದು ಮಂಗಳೂರು ಸೇರಿದರು. ಕನ್ನಡ ಕಲಿತರು, ಶಾಲೆ ತೆರೆದರು. ಮಿಶನ್ 1837ರಲ್ಲಿ ಧಾರವಾಡಕ್ಕೂ 1839ರಲ್ಲಿ ಹುಬ್ಬಳ್ಳಿಗೂ ವಿಸ್ತರಿಸಿತು.

1841ರಲ್ಲಿ ಹೆಬಿಕ್ ಕಣ್ಣೂರಿಗೆ ನೆಲೆ ಬದಲಿಸಿದರು. ಅದು ಕಂಪನಿ ಸರ್ಕಾರದ ದೊಡ್ಡ ದಂಡಿನ ಪ್ರದೇಶ. ಬಿಸಿಲು, ಜ್ವರ, ಮನೆಯಿಂದ ಸಾವಿರಾರು ಮೈಲಿ ದೂರದ ಒಂಟಿತನ, ಜೊತೆಗೆ ಕೆಲಸವಿಲ್ಲದ ದೀರ್ಘ ಮಧ್ಯಾಹ್ನಗಳು ಅಲ್ಲಿನ ಬಿಳಿಯ ಸೈನಿಕರನ್ನು ಕುಡಿತದತ್ತ ನೂಕುತ್ತಿದ್ದವು. ಆ ಕಾಲದಲ್ಲಿ ಸೈನಿಕನಿಗೆ ಅನ್ನದೊಂದಿಗೆ ಮದ್ಯದ ಪಡಿಯೂ ದೊರೆಯುತ್ತಿತ್ತು. ಕುಡಿತದ ಬೆನ್ನಿಗೆ ಜೂಜು, ಜೂಜಿನ ಬೆನ್ನಿಗೆ ಸಾಲ ಬರುತ್ತಿದ್ದವು.

ಹೆಬಿಕ್ ಅವರಿಗಾಗಿ ಚರ್ಚಿನಲ್ಲಿ ಕಾಯುತ್ತ ಕೂರಲಿಲ್ಲ. ನೀಳ ಗಡ್ಡದ, ಕೈಯಲ್ಲಿ ಕೊಡೆ ಹಿಡಿದ ಈ ಜರ್ಮನ್ ಮನುಷ್ಯ ನಡುಮಧ್ಯಾಹ್ನ ಕರೆಯದೆಯೇ ಅಧಿಕಾರಿಗಳ ಬಂಗಲೆಗೆ ಹೋಗುತ್ತಿದ್ದರು. ಮೂಲೆಯಲ್ಲಿ ಧೂಳು ಹಿಡಿದಿದ್ದ ಬೈಬಲನ್ನು ತರಿಸಿ ಓದಿಸುತ್ತಿದ್ದರು, ಮೊಣಕಾಲೂರಿ ಪ್ರಾರ್ಥಿಸಿ ಹೊರಡುತ್ತಿದ್ದರು. ಅವರ ಇಂಗ್ಲಿಷ್ ಹರಕುಮುರುಕಾಗಿತ್ತು. ಮೊದಲು ನಕ್ಕವರಲ್ಲಿ ಕೆಲವರು ಕ್ರಮೇಣ ಅವರ ಬರವಿಗಾಗಿ ಕಾಯತೊಡಗಿದರು.

ಕುಡಿತ ಬಿಟ್ಟವನಿಗೆ ಸಂಜೆಯೇ ಶತ್ರು. ಹಳೆಯ ಗೆಳೆಯರು, ಹಳೆಯ ಮೇಜು, ಹಳೆಯ ಬಟ್ಟಲು ಅವನನ್ನು ಮರಳಿ ಕರೆಯುತ್ತವೆ. ಹೆಬಿಕ್ ಆ ಹೊತ್ತನ್ನು ಪ್ರಾರ್ಥನೆ, ವೇದಪಾಠಗಳ ಕೂಟದಿಂದ ತುಂಬಿದರು. ಅಧಿಕಾರಿಯೂ ಸಾಮಾನ್ಯ ಸೈನಿಕನೂ ತಮ್ಮ ಸೋಲನ್ನು ಅಲ್ಲಿ ಮರೆಮಾಚಬೇಕಿರಲಿಲ್ಲ. ಪಾಪಕ್ಷಮೆಯ ನಂಬಿಕೆ ಅವರಿಗೆ ಹೊಸ ಆರಂಭದ ಧೈರ್ಯ ಕೊಟ್ಟರೆ, ಕೂಟವು ಆ ಧೈರ್ಯವನ್ನು ಮರುದಿನದವರೆಗೆ ಕಾಯ್ದಿತು. ಮದ್ರಾಸ್ ದಳದ 39ನೇ ದೇಶೀ ಕಾಲಾಳು ಪಡೆಯಲ್ಲಿ ಈ ಪ್ರಭಾವ ಎಷ್ಟಿತ್ತೆಂದರೆ, ಅದಕ್ಕೆ ಹೆಬಿಕರ ಪಡೆ ಎಂಬ ಅಡ್ಡಹೆಸರೇ ಬಿತ್ತು.

ಹೆಬಿಕ್ ದೋಷಮುಕ್ತರಾಗಿರಲಿಲ್ಲ. ದೇವಸ್ಥಾನಗಳ ಜಾತ್ರೆಗೆ ಹೋಗಿ ಅನ್ಯರ ನಂಬಿಕೆಯನ್ನು ಕಟುವಾಗಿ ಖಂಡಿಸುತ್ತಿದ್ದ ಅವರ ಪರಿ ಜನರನ್ನು ಕೆರಳಿಸಿತು. ಮಣ್ಣು, ಕಲ್ಲುಗಳ ಏಟನ್ನೂ ಅವರು ತಿಂದರು. ಅವರ ದುಡುಕು ಸಹೋದ್ಯೋಗಿಗಳಿಗೂ ಹಿಡಿಸುತ್ತಿರಲಿಲ್ಲ. ಆದರೆ ಬಿದ್ದವನ ಮನೆಗೆ ಮತ್ತೆ ಮತ್ತೆ ಹೋಗುವ ಅವರ ತಾಳ್ಮೆಯನ್ನು ಟೀಕಾಕಾರರೂ ಅಲ್ಲಗಳೆಯಲಿಲ್ಲ.

ಸೈನಿಕನಿಗೆ ಕುಡಿತ ಬಿಟ್ಟರೂ ಸಂಬಳ ನಿಲ್ಲುತ್ತಿರಲಿಲ್ಲ. ಕರಾವಳಿಯ ಬಡವನ ಸ್ಥಿತಿ ಹಾಗಿರಲಿಲ್ಲ. ಮಂಗಳೂರು ಸುತ್ತಲಿನಲ್ಲಿ ಕ್ರೈಸ್ತರಾದ ಹಲವು ಕುಟುಂಬಗಳಿಗೆ ಮೂರ್ತೆಯೇ, ಅಂದರೆ ತಾಳೆ, ತೆಂಗಿನಿಂದ ಹೆಂಡ ಇಳಿಸುವುದೇ ಜೀವನೋಪಾಯ. ಹೆಂಡದ ಕಸುಬು ಸಲ್ಲದೆಂದು ಮಿಶನ್ ಹೇಳಿದಾಗ ಅವರು ಕುಡಿಕೆಯ ಜೊತೆ ಕೂಳನ್ನೂ ಕಳೆದುಕೊಂಡರು. ಜಾತಿಯ ಆಸರೆಯೂ ತಪ್ಪಿತ್ತು. ಉಪದೇಶವೊಂದೇ ಹೊಟ್ಟೆ ತುಂಬಿಸದೆಂಬುದು ಮಿಶನ್ನಿಗೆ ಮನವರಿಕೆಯಾಯಿತು. 1851ರಲ್ಲಿ ಬಂದ ಜಾನ್ ಹಾಲರ್ ನೇಯ್ಗೆಯನ್ನು ಬೆಳೆಸಿದರು. 1865ರಲ್ಲಿ ಜಾರ್ಜ್ ಪ್ಲೆಬ್‌ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದರು. ಇಬ್ಬರು ಕೆಲಸಗಾರರು, ಒಂದು ಜೋಡಿ ಎತ್ತು, ದಿನಕ್ಕೆ 560 ಹೆಂಚು: ಅದರ ಆರಂಭ ಇಷ್ಟೇ.

ಆ ವೇಳೆಗೆ ಹೆಬಿಕ್ ಭಾರತದಲ್ಲಿರಲಿಲ್ಲ. ಇಪ್ಪತ್ತೈದು ವರ್ಷಗಳ ದುಡಿಮೆಯಿಂದ ಆರೋಗ್ಯ ಕೆಟ್ಟು 1859ರಲ್ಲಿ ಯುರೋಪಿಗೆ ಮರಳಿದ್ದರು. ಅಲ್ಲಿಯೂ ಊರೂರು ತಿರುಗಿ ಬೋಧಿಸಿ, 1868ರ ಮೇ 21ರಂದು ಸ್ಟುಟ್‌ಗಾರ್ಟ್‌ನಲ್ಲಿ ನಿಧನರಾದರು. ಸಮಾಧಿ ಕಾರ್ನ್‌ಟಾಲ್‌ನಲ್ಲಿದೆ. ಅವರ ಜೀವನಚರಿತ್ರೆಯನ್ನು ಬರೆದವರು ಸಹೋದ್ಯೋಗಿಗಳಾಗಿದ್ದ ಹರ್ಮನ್ ಗುಂಡರ್ಟ್ ಮತ್ತು ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರದ ಹರ್ಮನ್ ಮೊಗ್ಲಿಂಗ್.

ರಾಜ್ಯದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಅಂಗಡಿಯ ಬಾಗಿಲನ್ನು ಕಾನೂನು ಮುಚ್ಚಬಲ್ಲದು. ಕುಡಿಯುವವನ ಮನೆಯ ಬಾಗಿಲನ್ನು ಮಾತ್ರ ಮನುಷ್ಯನೇ ಹೋಗಿ ತಟ್ಟಬೇಕು. ಬಿಟ್ಟ ಮೇಲೆ ಅವನ ಸಂಜೆಗೆ ಜೊತೆಯೂ ಅವನ ಕೈಗೆ ಕೆಲಸವೂ ಬೇಕು. ಮೊದಲ ಎರಡನ್ನು ಹೆಬಿಕ್ ಬಲ್ಲವರಾಗಿದ್ದರು. ಮೂರನೆಯದನ್ನು ಅವರ ಮಿಶನ್ ಕಷ್ಟದಿಂದ ಕಲಿತುಕೊಂಡಿತು.